ಹನ್ನೆರಡನೆಯ ಸಹಿ

ಬೆಳಿಗ್ಗೆ ಹನ್ನೊಂದು ಗಂಟೆಯ ಹೊತ್ತಿಗೆ ಒಬ್ಬ ಅಜ್ಜಿ ಬ್ಯಾಂಕಿನ ಮೂರನೇ ಕೌಂಟರಿಗೆ ಬಂದು, ತಾವು ಇನ್ನೂ ಬದುಕಿದ್ದೇವೆ ಎಂದು ಸಹಿ ಮಾಡಿಕೊಟ್ಟರು. ಭೂತಗನ್ನಡಿಯವರು ಒಪ್ಪಲಿಲ್ಲ. ಆ ದಿನದ ರಗಳೆಗೆಲ್ಲ ಇದೇ ಮೂಲ.

ಭೂತಗನ್ನಡಿ ಅನ್ನುವುದು ಅಡ್ಡಹೆಸರು. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು, ಅದು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಇಪ್ಪತ್ತೇಳು ವರ್ಷದಿಂದ ಬ್ಯಾಂಕಿನಲ್ಲಿ ಅವರದು ಒಂದೇ ಕೆಲಸ. ಬಂದ ಕಾಗದದ ಮೇಲಿನ ಸಹಿಯನ್ನು, ಖಾತೆ ತೆರೆದ ದಿನ ಕಾರ್ಡಿನಲ್ಲಿ ಹಾಕಿದ ಸಹಿಗೆ ಹೋಲಿಸಿ ನೋಡುವುದು. ಹೊಂದಿದರೆ ಒಳಗೆ, ಹೊಂದದಿದ್ದರೆ ವಾಪಸ್. ಕೊರಳಿಗೆ ಕಪ್ಪು ದಾರದಲ್ಲಿ ನೇತುಹಾಕಿದ ಭೂತಗನ್ನಡಿ ಊಟಕ್ಕೆ ಕೂತಾಗಲೂ ಇಳಿಯುತ್ತಿರಲಿಲ್ಲ. ಒಮ್ಮೆ ಹೆಂಡತಿ ಬರೆದುಕೊಟ್ಟ ಸಾಮಾನಿನ ಚೀಟಿಯನ್ನು ಅದರಲ್ಲಿ ನೋಡಿ, ಇದು ನಿನ್ನ ಕೈಬರಹ ಹೌದಾ ಅಂತ ಕೇಳಿ, ಅವತ್ತು ರಾತ್ರಿಯ ಊಟ ಕಳೆದುಕೊಂಡಿದ್ದರು.

ಪಿಂಚಣಿ ಬರುವವರು ವರ್ಷಕ್ಕೊಮ್ಮೆ ತಾವೇ ಬಂದು ಬದುಕಿದ್ದೇವೆಂದು ಸಹಿ ಹಾಕಬೇಕು. ಅಜ್ಜಿ ಹಾಕಿದ ಸಹಿ ಗೆರೆ ಬಿಟ್ಟು ಇಳಿದು, ಕಾಗದದ ಅಂಚಿನಲ್ಲಿ ಹೋಗಿ ನಿಂತಿತ್ತು. ಕಾರ್ಡಿನ ಸಹಿಗೂ ಇದಕ್ಕೂ ಅಜಗಜಾಂತರ.

"ಇದು ಹೊಂದ್ತಾ ಇಲ್ಲವಲ್ಲ ತಾಯಿ."

"ಹೊಂದದಿದ್ರೆ ಏನಪ್ಪ ಅರ್ಥ? ನಾನು ಸತ್ತಿದ್ದೀನಿ ಅಂತಲಾ?"

"ಹಾಗಲ್ಲ. ನೀವು ಬದುಕಿರಬಹುದು. ಆದರೆ ಬದುಕಿರೋರು ನೀವೇನಾ ಅನ್ನೋದು ಗೊತ್ತಾಗಬೇಕಲ್ಲ."

ಅಜ್ಜಿ ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಕಣ್ಣು ಮಂಜಾಗಿದೆ, ಗೆರೆ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ ಅಂತ ಹೇಳಿ ನೋಡಿದರು. ಭೂತಗನ್ನಡಿಯವರು ನಿಯಮ ಅಂದರೆ ನಿಯಮ ಅಂದರು. ಸರಿ, ನಾನು ಬದುಕಿದ ಮೇಲೆ ಬರ್ತೀನಿ ಅಂತ ಅಜ್ಜಿ ಛತ್ರಿ ಊರಿಕೊಂಡು ಹೊರಟೇ ಹೋದರು.

ನಿಜ ಹೇಳಬೇಕೆಂದರೆ ಅವತ್ತು ಭೂತಗನ್ನಡಿಯವರ ತಲೆ ಕೌಂಟರಿನಲ್ಲಿ ಇರಲೇ ಇಲ್ಲ. ಸಂಜೆ ಐದಕ್ಕೆ ಸಂಗ್ರಾಹಕರ ಸಂಘದ ಸಭೆ ಇತ್ತು. ಐವತ್ತು ವರ್ಷದ ಹಿಂದೆ, ಯುದ್ಧದ ಕಾಲದಲ್ಲಿ, ಸಿನಿಮಾದ ಹನ್ನೆರಡು ತಾರೆಯರು ರೈಲು ಹತ್ತಿ ಊರೂರು ಸುತ್ತಿ, ಗಾಯಗೊಂಡ ಸೈನಿಕರ ನಿಧಿಗಾಗಿ ನಾಟಕದ ಆಟ ಆಡಿ ತೋರಿಸಿದ್ದರು. ದಾನ ಕೊಟ್ಟವರಿಗೆಲ್ಲ ಅಚ್ಚುಹಾಕಿಸಿದ ಒಂದು ಕಾರ್ಯಕ್ರಮ ಪತ್ರ. ಅದರಲ್ಲಿ ಹನ್ನೆರಡು ಪುಟ್ಟ ಚಿತ್ರ, ಪ್ರತಿ ಚಿತ್ರದ ಕೆಳಗೆ ಅವರವರ ಸಹಿ. ಆ ಪತ್ರಗಳನ್ನು ಕೂಡಿಹಾಕುವ ಹುಚ್ಚು ಊರಿನಲ್ಲಿ ಮೂವತ್ತು ಜನಕ್ಕೆ ಇತ್ತು. ಅವರಲ್ಲಿ ದೊಡ್ಡ ಹುಚ್ಚ ಯಾರು ಅನ್ನುವ ವಿಷಯಕ್ಕೆ ಮಾತ್ರ ಜಗಳ.

ಈ ಊರಿನ ಆಟದ ದಿನ ಮಧ್ಯದಲ್ಲೇ ವಿಮಾನದಾಳಿಯ ಸೈರನ್ ಕೂಗಿ, ಕಲಾವಿದರೆಲ್ಲ ಎದ್ದೆನೋ ಬಿದ್ದೆನೋ ಅಂತ ರೈಲಿಗೆ ಓಡಿದ್ದರಂತೆ. ಹಾಗಾಗಿ ಇಲ್ಲಿ ಸಿಗುವ ಪತ್ರಗಳಲ್ಲೆಲ್ಲ ಹನ್ನೊಂದೇ ಸಹಿ. ಕೊನೆಯ ಚಿತ್ರ ಕಥಾನಾಯಕಿಯದು, ಜನ ಅವಳನ್ನು ನಗೆಮಲ್ಲಿಗೆ ಅಂತ ಕರೆಯುತ್ತಿದ್ದರು. ಅದರ ಕೆಳಗೆ ಬರೀ ಖಾಲಿ. ಹನ್ನೆರಡೂ ತುಂಬಿದ ಪತ್ರ ಯಾರ ಹತ್ತಿರ ಇದೆಯೋ ಅವರದು ಗ್ರಂಥಾಲಯದ ವಾಚನ ಕೋಣೆಯ ಗಾಜಿನ ಕಪಾಟಿನಲ್ಲಿ ಶಾಶ್ವತವಾಗಿ ಕೂರುತ್ತದೆ, ಕೆಳಗೆ ಹಿತ್ತಾಳೆ ಫಲಕದಲ್ಲಿ ಒಡೆಯರ ಹೆಸರು ಅಂತ ಸಂಘ ತೀರ್ಮಾನಿಸಿತ್ತು. ಆ ಹಿತ್ತಾಳೆ ಫಲಕ ಭೂತಗನ್ನಡಿಯವರ ಕನಸಿನಲ್ಲಿ ಬಂದು ಬಂದು ಹೊಳಪು ಕಳೆದುಕೊಳ್ಳುವಷ್ಟಾಗಿತ್ತು.

ಆದರೆ ಹನ್ನೆರಡು ತುಂಬಿದ ಪತ್ರ ಸಿಕ್ಕಿದ್ದು ಪಕ್ಕದ ಮನೆಯ ಔಷಧದಂಗಡಿ ಗುಳಿಗೆಯಪ್ಪನವರಿಗೆ. ಬೇರೆ ಊರಿನ ಆಟದ್ದು, ಅಂಚೆಯಲ್ಲಿ ತರಿಸಿದ್ದು. ಅದನ್ನು ಪರೀಕ್ಷಿಸಿ ಅಸಲಿ ಅಂತ ಬರೆದುಕೊಡಬೇಕಾದವರು, ಸಂಘದ ಪರೀಕ್ಷಕರಾದ ಸಾಕ್ಷಾತ್ ಭೂತಗನ್ನಡಿಯವರೇ. ಏನಾದರೂ ಒಂದು ತಪ್ಪು ಸಿಗಲಪ್ಪ ಅಂತ ಅವರು ಒಂದು ತಿಂಗಳು ಆ ಹಾಳೆಯನ್ನು ಗಾಜಿನ ಕೆಳಗಿಟ್ಟು ತಡಕಿದರು. ಸಿಗಲಿಲ್ಲ. ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾದರೂ, ವೃತ್ತಿಧರ್ಮ ಅಂತ ನಿನ್ನೆ ರಾತ್ರಿ ಪ್ರಮಾಣಪತ್ರ ಬರೆದುಕೊಟ್ಟಿದ್ದರು.

ಇಂಥ ಹೊತ್ತಿನಲ್ಲಿ ನಿವೃತ್ತಿಗೆ ಎರಡೇ ತಿಂಗಳಿದ್ದ ಬ್ಯಾಂಕಿನ ಜವಾನರು ಬಂದು, ಈಗ ಹೋದವರು ಯಾರು ಗೊತ್ತಾ ಅಂತ ಕೇಳಿದರು. ಭೂತಗನ್ನಡಿಯವರು ಗೊತ್ತಿಲ್ಲ, ಅದಕ್ಕೇ ವಾಪಸ್ ಕಳಿಸಿದೆ ಅಂದರು.

"ನಗೆಮಲ್ಲಿಗೆ ಸಾರ್ ಅವರು. ನಮ್ಮವ್ವ ಸಾಯೋವರೆಗೂ ಅವರ ಚಿತ್ರ ಗೋಡೆಗೆ ಹಾಕಿದ್ದಳು. ಎಡಗಲ್ಲದ ಮಚ್ಚೆ ನೋಡೇ ಗುರುತು ಹಿಡಿದೆ. ಕಾರ್ಡಲ್ಲಿರೋದು ಮನೆ ಹೆಸರು."

ಭೂತಗನ್ನಡಿಯವರು ಎದ್ದು ನಿಂತ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು. ಹುಡುಕುವ ಬಳ್ಳಿ ಕಾಲಿಗೆ ತೊಡರಿತ್ತು. ಇವರು ಅದನ್ನು ಬಿಡಿಸಿ, ನಿಯಮ ಹೇಳಿ, ಬಾಗಿಲವರೆಗೆ ಕಳಿಸಿಕೊಟ್ಟಿದ್ದರು.

ಮ್ಯಾನೇಜರು ಅರ್ಧ ದಿನದ ರಜೆಯ ಅರ್ಜಿ ಕೊಟ್ಟು ಹೋಗಿ ಅಂದರು. ಭೂತಗನ್ನಡಿಯವರು ನಿಂತಲ್ಲೇ ಗೀಚಿ ಕೊಟ್ಟರು. ಮ್ಯಾನೇಜರು ಅದನ್ನು ಬೆಳಕಿಗೆ ಹಿಡಿದು, ಕತ್ತು ಓರೆ ಮಾಡಿ, ಇದು ನಿಮ್ಮ ಸಹಿ ಥರ ಕಾಣ್ತಾ ಇಲ್ಲವಲ್ಲ ಅಂದರು. ಇಪ್ಪತ್ತೇಳು ವರ್ಷ ಕಾದಿದ್ದರೋ ಏನೋ, ಆ ಮನುಷ್ಯ ಎಷ್ಟು ಸಂತೋಷಪಟ್ಟರು ಅಂದರೆ ಮೂರು ಸಲ ಬರೆಸಿದರು.

ಮನೆಗೆ ಓಡಿದರೆ ಅಲ್ಲಿ ಸುಣ್ಣ ಬಳಿಯುತ್ತಿದ್ದರು. ಮಂಚದ ಕೆಳಗಿದ್ದ ಪೆಟ್ಟಿಗೆ ಅಟ್ಟಕ್ಕೆ ಹೋಗಿತ್ತು. ಹೆಂಡತಿಗೆ ಈ ಸಂಗ್ರಹದ ಮೇಲೆ ಮೊದಲಿಂದಲೂ ಅಷ್ಟಕ್ಕಷ್ಟೆ. "ಯುದ್ಧ ಮಾಡಿದೋರು ಮನೆಗೆ ಹೋಗಿ ಮೊಮ್ಮಕ್ಕಳನ್ನ ಕಂಡರು. ನಮ್ಮನೆ ಮಂಚದ ಕೆಳಗೆ ಮಾತ್ರ ಇನ್ನೂ ಯುದ್ಧ ನಿಂತಿಲ್ಲ" ಅಂತ ಆಕೆ ಏಣಿ ಹಿಡಿದುಕೊಂಡರು. ಗಾಜಿನ ಕಪಾಟು ಸಿಕ್ಕರೆ ಪೆಟ್ಟಿಗೆ ಮನೆಯಿಂದ ಹೊರಗೆ ಹೋಗುತ್ತದೆ ಅಂತ ಗೊತ್ತಾದ ಮೇಲಂತೂ ತಾವೇ ಕೆಳಗಿನಿಂದ ನೂಕಿ ಗಂಡನನ್ನು ಅಟ್ಟ ಹತ್ತಿಸಿದರು. ಭೂತಗನ್ನಡಿಯವರು ಹನ್ನೊಂದು ಸಹಿಯ ಪತ್ರ ಹಿಡಿದು ಇಳಿಯುವಾಗ ಸುಣ್ಣದ ಡಬ್ಬಿಗೆ ಕಾಲು ಹಾಕಿ, ಒಂದು ಬಿಳಿ ಕಾಲು ಒಂದು ಕರಿ ಕಾಲಿನಲ್ಲಿ ರಸ್ತೆಗೆ ಬಿದ್ದರು.

ಕಾರ್ಡಿನಲ್ಲಿ ಓದಿದ ವಿಳಾಸ ಅವರಿಗೆ ಬಾಯಿಪಾಠ. ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಮನೆ. ಅಲ್ಲಿ ಬೀಗ. ಗಡಿಯಾರದವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಗಾಜನ್ನು ತೆಗೆಯದೆ, ಅಜ್ಜಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಾರೆ ಅಂದ. ಬ್ಯಾಂಕಿನಲ್ಲಿ ಯಾರೋ ಒಬ್ಬ ತಲೆಕೆಟ್ಟವನು ಅವರನ್ನು ಸಾಯಿಸಿಬಿಟ್ಟನಂತೆ ಅಂತಲೂ ಸೇರಿಸಿದ. ತಲೆಕೆಟ್ಟವನು ಅವನಿಗೆ ಥ್ಯಾಂಕ್ಸ್ ಹೇಳಿ ಓಡಿದ.

ಕಣ್ಣಿನ ಆಸ್ಪತ್ರೆಯ ಹಜಾರದಲ್ಲಿ ಉದ್ದನೆಯ ಬೆಂಚು, ಅದರ ತುಂಬ ವಯಸ್ಸಾದವರು, ಎಲ್ಲರೂ ಕಣ್ಣು ಮುಚ್ಚಿಕೊಂಡು ತಲೆ ಹಿಂದಕ್ಕೆ ಹಾಕಿದ್ದರು. ಬೆಳಿಗ್ಗೆ ನೋಡಿದ್ದು ಸಹಿಯನ್ನೇ ಹೊರತು ಮುಖವನ್ನಲ್ಲ. ಇವರಲ್ಲಿ ಮಚ್ಚೆ ಯಾರ ಎಡಗಲ್ಲದ ಮೇಲಿದೆ ಅಂತ ಭೂತಗನ್ನಡಿಯವರು ಗಾಜು ಹಿಡಿದು ಒಬ್ಬೊಬ್ಬರ ಮುಖದ ಮೇಲೂ ಬಗ್ಗುತ್ತಾ ಬಂದರು. ನರ್ಸಮ್ಮ ನೋಡಿದರು. ಗಾಜು ಹಿಡಿದು ಮನುಷ್ಯರ ಮುಖ ನೋಡುವವನಿಗೆ ಕಣ್ಣು ಎಷ್ಟು ಹೋಗಿರಬೇಕು ಅಂತ ಅವರಿಗೆ ಕರುಳು ಚುರುಕ್ ಅಂದಿರಬೇಕು. ಭುಜ ಹಿಡಿದು ಬೆಂಚಿನ ತುದಿಗೆ ಕೂರಿಸಿ, ನಾನು ರೋಗಿ ಅಲ್ಲ ಅನ್ನುವಷ್ಟರಲ್ಲಿ ಎರಡೂ ಕಣ್ಣಿಗೆ ಹನಿ ಬಿಟ್ಟರು. ಇಲ್ಲಿ ಎಲ್ಲರೂ ಹಾಗೇ ಹೇಳೋದು ಅಂತ ಮುಂದಿನವರ ಹತ್ತಿರ ಹೋದರು.

ಹತ್ತು ನಿಮಿಷದಲ್ಲಿ ಪ್ರಪಂಚ ಹಾಲಿನಲ್ಲಿ ಮುಳುಗಿತು. ಕೈಯಲ್ಲಿದ್ದ ಪತ್ರವೇ ಕಾಣದು. ಭೂತಗನ್ನಡಿಯವರಿಗೆ ಅಳು ಬಂತು. ಗಂಟೆ ನಾಲ್ಕಾಗುತ್ತಾ ಬಂದಿತ್ತು, ಎಲ್ಲೋ ನಾಲ್ಕು ಮಾರು ದೂರದಲ್ಲಿ ನಗೆಮಲ್ಲಿಗೆ ಕೂತಿದ್ದಾರೆ, ತಮಗೆ ಕಣ್ಣಿಲ್ಲ. ಪಕ್ಕದಲ್ಲಿ ಶಾಲು ಹೊದ್ದು ಕೂತವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ತಾಯಿ, ಬೆಳಿಗ್ಗೆ ನಿಮ್ಮನ್ನ ಸಾಯಿಸಿದ ಪಾಪಿ ನಾನೇ, ಕ್ಷಮಿಸಿಬಿಡಿ ಅಂತ ಶುರು ಮಾಡಿದರು. ಅದು ನಿವೃತ್ತ ಪೊಲೀಸರೊಬ್ಬರ ಕೈ. ಅವರು ಹೆಸರು, ವಿಳಾಸ, ಯಾರನ್ನು ಸಾಯಿಸಿದ್ದು, ಎಷ್ಟು ಹೊತ್ತಿಗೆ ಅಂತ ಒಂದೊಂದಾಗಿ ಕೇಳತೊಡಗಿದರು.

ಅಷ್ಟರಲ್ಲಿ ಆಚೆ ಕಡೆಯಿಂದ ಒಂದು ನಗೆ ಕೇಳಿಸಿತು. ಐವತ್ತು ವರ್ಷದ ಹಿಂದೆ ಊರಿಗೆ ಊರೇ ಕೇಳಿ ಮರುಳಾದ ನಗೆ, ಸ್ವಲ್ಪ ಒಡೆದಿತ್ತು ಅಷ್ಟೆ.

"ಅವನನ್ನ ಬಿಡಿ ಪೊಲೀಸಪ್ಪ. ಸತ್ತೋಳು ನಾನು. ದೂರು ಕೊಡಬೇಕಾದರೆ ನಾನೇ ಕೊಡ್ತೀನಿ."

ಭೂತಗನ್ನಡಿಯವರು ಗೋಡೆ ತಡವಿಕೊಂಡು ಆ ದನಿಯ ಹತ್ತಿರ ಹೋದರು. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಹದಿನೈದು ವರ್ಷದ ಸಂಗ್ರಹ, ಖಾಲಿ ಚಿತ್ರ, ಗಾಜಿನ ಕಪಾಟು, ಗುಳಿಗೆಯಪ್ಪ. ಅಜ್ಜಿ ತಾಳ್ಮೆಯಿಂದ ಕೇಳಿ, ಒಂದೇ ಕರಾರು ಹಾಕಿದರು. ನೀನು ನನ್ನನ್ನ ಬದುಕಿಸು, ನಾನು ನಿನಗೆ ಸಹಿ ಹಾಕ್ತೀನಿ. ಭೂತಗನ್ನಡಿಯವರು ಔಷಧದ ಚೀಟಿಯ ಹಿಂದೆ, ಈ ತಾಯಿ ನನ್ನ ಕಣ್ಣೆದುರಿಗೆ ಜೀವಂತ ಇದ್ದಾರೆ ಅಂತ ಬರೆದು ಸಹಿ ಮಾಡಿದರು. ಕಣ್ಣೆದುರಿಗೆ ಏನೂ ಕಾಣುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಇಪ್ಪತ್ತೇಳು ವರ್ಷದಲ್ಲಿ ಅವರು ನೋಡದೆ ಸಹಿ ಹಾಕಿದ್ದು ಅದೇ ಮೊದಲು.

ಅಜ್ಜಿಯ ಕಣ್ಣಿಗೂ ಹನಿ ಬಿದ್ದಿತ್ತು. ಅವರಿಗೆ ಪತ್ರ ಕಾಣದು, ಇವರಿಗೆ ಗೆರೆ ಕಾಣದು. ನಿವೃತ್ತ ಪೊಲೀಸರಿಗೂ ಹನಿ ಬಿದ್ದಿದ್ದರಿಂದ ಬೆಂಚಿನ ಮೇಲೆ ಸಾಕ್ಷಿ ಅನ್ನುವವರೇ ಇರಲಿಲ್ಲ. ಕೊನೆಗೆ ಭೂತಗನ್ನಡಿಯವರು ಹಾಳೆಯ ಮೂಲೆಯನ್ನು ಬೆರಳಿನಲ್ಲಿ ಅಳೆದು, ಅಜ್ಜಿಯ ಕೈ ಹಿಡಿದು ಪೆನ್ನು ಇಡಿಸಿದರು. ಪೆನ್ನು ಓಡಿದ ಸದ್ದು ಕೇಳಿ ಅವರ ಮೈ ಜುಂ ಅಂದಿತು.

"ಈ ಕಾಗದದ ಮೇಲೆ ನಾನು ಸಹಿ ಹಾಕ್ತಾ ಇರೋದು ಇದೇ ಮೊದಲು ಕಣಪ್ಪ" ಅಂದರು ಅಜ್ಜಿ.

ಬೇರೆ ಊರುಗಳ ಆಟದಲ್ಲಿ ಹಾಕಿದ್ದೀರಲ್ಲ ಅಂತ ಭೂತಗನ್ನಡಿಯವರು ಕೇಳಿದರು. ಎಲ್ಲಿಯ ಸಹಿ, ನನಗೆ ಆಗ ಅಕ್ಷರವೇ ಬರುತ್ತಿರಲಿಲ್ಲ ಅಂದರು ಅಜ್ಜಿ. ದಿನಕ್ಕೊಂದು ಊರು, ಆಟ ಮುಗಿದರೆ ರೈಲಿನಲ್ಲಿ ನಿದ್ದೆ. ಸಾವಿರಾರು ಪತ್ರಕ್ಕೆ ಸಹಿ ಹಾಕುವ ಪುರುಸೊತ್ತು ಯಾವ ತಾರೆಗಿತ್ತು? ಹನ್ನೆರಡು ಜನದ ಸಹಿಯನ್ನೂ ಕಂಪನಿಯ ಮೇಕಪ್ಪಿನವರೊಬ್ಬರೇ ಕೂತು ಬರೆಯುತ್ತಿದ್ದರಂತೆ.

ಇದನ್ನು ಕೇಳಿ ಭೂತಗನ್ನಡಿಯವರು ಕೂತಲ್ಲಿಂದ ಒಂದು ಗೇಣು ಎದ್ದರು. ಅಂದರೆ ಗುಳಿಗೆಯಪ್ಪನ ಹನ್ನೆರಡೂ ನಕಲಿ. ಊರಿನಲ್ಲಿರುವ ಪತ್ರಗಳೆಲ್ಲ ನಕಲಿ. ಇಡೀ ಜಗತ್ತಿನಲ್ಲಿ ಒಬ್ಬ ತಾರೆ ತನ್ನ ಕೈಯಾರೆ ಬರೆದ ಸಹಿ ಇರುವ ಪತ್ರ ಒಂದೇ ಒಂದು, ಅದು ತಮ್ಮ ಮಡಿಲಲ್ಲಿದೆ. ಅವರ ಎದೆ ಹೊಡೆದುಕೊಂಡ ಸದ್ದಿಗೆ ನರ್ಸಮ್ಮ ತಿರುಗಿ ನೋಡಿದರು.

ಅಜ್ಜಿಯನ್ನು ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಗ್ರಂಥಾಲಯಕ್ಕೆ ಹೊರಟಾಗ ಮಾತ್ರ ಇನ್ನೊಂದು ವಿಷಯ ಹೊಳೆಯಿತು. ಆ ನಕಲಿಗಳನ್ನೆಲ್ಲ ಹದಿನೈದು ವರ್ಷದಿಂದ ಅಸಲಿ ಅಸಲಿ ಅಂತ ಬರೆದುಕೊಟ್ಟವರು ಯಾರು? ಒಬ್ಬನೇ ಮನುಷ್ಯ ಹನ್ನೆರಡು ಕೈಯಲ್ಲಿ ಬರೆದದ್ದು ಭೂತಗನ್ನಡಿಗೇ ಕಾಣಲಿಲ್ಲವಾ ಅಂತ ಊರು ನಗುತ್ತದೆ. ಅವರು ಸ್ವಲ್ಪ ಹೊತ್ತು ಬೆವರಿದರು. ಆಮೇಲೆ ಹಿತ್ತಾಳೆ ಫಲಕ ನೆನಪಾಯಿತು. ಮಾನ ಹೋದರೆ ಹೋಗಲಿ, ನಾಲ್ಕು ದಿನ ಆಡಿಕೊಂಡು ಸುಮ್ಮನಾಗುತ್ತಾರೆ, ಕಪಾಟು ಶಾಶ್ವತ ಅಂತ ಗಟ್ಟಿ ಮನಸ್ಸು ಮಾಡಿದರು.

ವಾಚನ ಕೋಣೆಯಲ್ಲಿ ಸಂಘದ ಅಧ್ಯಕ್ಷರಾದ ನಿವೃತ್ತ ಹೆಡ್ಮಾಸ್ಟರು ಗುಳಿಗೆಯಪ್ಪನವರ ಹೆಸರು ಕೂಗುವುದರಲ್ಲಿದ್ದರು. ಗುಳಿಗೆಯಪ್ಪನವರು ಹೊಸ ಕೋಟು ಹಾಕಿಕೊಂಡು, ಭಾಷಣದ ಚೀಟಿ ಕೈಯಲ್ಲಿ ಹಿಡಿದು ಅರ್ಧ ಎದ್ದಿದ್ದರು. ಆಗ ಬಿಳಿ ಕಾಲು, ಕೆಂಪು ಕಣ್ಣು, ಕೈಯಲ್ಲಿ ಅಜ್ಜಿ, ಈ ಅವತಾರದಲ್ಲಿ ಭೂತಗನ್ನಡಿಯವರು ಒಳಗೆ ನುಗ್ಗಿದರು. ಮೇಜು ಕುಟ್ಟಿ, ಇದುವರೆಗೆ ತಾವು ಕೊಟ್ಟ ಪ್ರಮಾಣಪತ್ರಗಳೆಲ್ಲ ತಪ್ಪು, ಈ ಕೋಣೆಯಲ್ಲಿರುವ ಸಹಿಗಳೆಲ್ಲ ಸುಳ್ಳು, ನಿಜವಾದದ್ದು ಒಂದೇ, ಹಾಕಿದವರು ಇಗೋ ಇಲ್ಲಿದ್ದಾರೆ ಅಂತ ಹೇಳಿದರು.

ಕೋಣೆ ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು. ಮೂವತ್ತು ಜನ ಮೂವತ್ತು ಪೆಟ್ಟಿಗೆಗಳನ್ನು ನೆನೆದು ಎದೆ ಹಿಡಿದುಕೊಂಡರು. ಗುಳಿಗೆಯಪ್ಪನವರ ಮುಖದಲ್ಲಿ ರಕ್ತವೇ ಇರಲಿಲ್ಲ. ಹೌದು, ಹೇಳಿದ್ದು ನಿಜ ಅಂತ ಅಜ್ಜಿ ತಲೆಯಾಡಿಸಿದಾಗ ಭೂತಗನ್ನಡಿಯವರು ಹುಟ್ಟಿದಾರಭ್ಯ ಅಷ್ಟು ಹಿಗ್ಗಿರಲಿಲ್ಲ. ಅವರ ಕಣ್ಣು ಆಗಲೇ ಕಪಾಟಿನ ಕಡೆಗಿತ್ತು.

ಹನ್ನೆರಡು ತುಂಬಿದ ಆ ಇನ್ನೊಂದು ಪತ್ರವನ್ನು ಒಮ್ಮೆ ಕೊಡಿ ಅಂದರು ಅಜ್ಜಿ. ಗುಳಿಗೆಯಪ್ಪನವರು ಸತ್ತ ಹಾವನ್ನು ಎತ್ತಿಕೊಡುವ ಹಾಗೆ ಕೊಟ್ಟರು. ಅಜ್ಜಿಯ ಕಣ್ಣಿಗೆ ಬಿಟ್ಟ ಹನಿಯ ಮಂಜು ಇಳಿಯುತ್ತಾ ಬಂದಿತ್ತು. ಭೂತಗನ್ನಡಿಯವರ ಕೊರಳಿನಿಂದಲೇ ಗಾಜು ತೆಗೆದುಕೊಂಡು ಅವರು ಒಂದೊಂದೇ ಸಹಿ ನೋಡುತ್ತಾ ಹೋದರು. ಕೊನೆಯದಕ್ಕೆ ಬಂದು ನಿಂತುಬಿಟ್ಟರು. ಬೆರಳಿನಿಂದ ಆ ಅಕ್ಷರಗಳನ್ನು ಒಂದೊಂದಾಗಿ ತಡವಿದರು.

"ಇದು ನಮ್ಮ ಯಜಮಾನರ ಕೈ" ಅಂದರು ಅಜ್ಜಿ. "ಯುದ್ಧ ಮುಗಿದ ಮೇಲೆ ಆ ಮೇಕಪ್ಪಿನವರನ್ನೇ ನಾನು ಮದುವೆ ಆದದ್ದು. ನನಗೆ ಅಕ್ಷರ ಕಲಿಸಿದ್ದೂ ಅವರೇ, ಸ್ಲೇಟಿನ ಮೇಲೆ ಬರೆದು ಒರೆಸಿ. ನನ್ನ ಹೆಸರನ್ನ ಯಾವಾಗಲೂ ಕೊನೆಗೆ ಬರೀತಿದ್ದರು, ಹನ್ನೊಂದು ಬರೆದು ಕೈ ಪಳಗಿದ ಮೇಲೆ. ನಾವು ಒಂದು ದಿನ ಬಿಟ್ಟಿರಲಿಲ್ಲ, ಅದಕ್ಕೆ ಅವರು ನನಗೊಂದು ಕಾಗದ ಬರೆದದ್ದಿಲ್ಲ. ಹೋಗಿ ಒಂಬತ್ತು ವರ್ಷ ಆಯ್ತು. ಕಾಗದದ ಮೇಲೆ ಅವರ ಕೈಯಲ್ಲಿ ನನ್ನ ಹೆಸರನ್ನ ನಾನು ಓದ್ತಾ ಇರೋದು ಇವತ್ತೇ."

ಯಾರೋ ಮೂಗು ಒರೆಸಿಕೊಂಡರು. ಭೂತಗನ್ನಡಿಯವರೂ ಕೆಂಪು ಕಣ್ಣು ಒತ್ತಿಕೊಂಡರು. ಒತ್ತಿಕೊಳ್ಳುತ್ತಲೇ ಅವರು, ಅಂದರೆ ಅದು ನಕಲಿ ಅಂತ ಖಚಿತ ಆಯಿತು, ಸಭೆ ಗಮನಿಸಬೇಕು ಅಂದರು.

ಹೆಡ್ಮಾಸ್ಟರು ಕನ್ನಡಕ ಒರೆಸಿಕೊಂಡು ಎದ್ದರು. ಹನ್ನೆರಡು ಜನ ಹನ್ನೆರಡು ಸಹಿ ಹಾಕುವುದರಲ್ಲಿ ಏನು ದೊಡ್ಡಸ್ತಿಕೆ, ದಿನಾ ಶಾಲೆಯ ಹಾಜರಿ ಪುಸ್ತಕದಲ್ಲಿ ಅದೇ ಆಗುತ್ತಿತ್ತು ಅಂದರು. ಒಬ್ಬನೇ ಮನುಷ್ಯ ಹನ್ನೆರಡು ಕೈ ಪಳಗಿಸಿ, ನಮ್ಮ ಪರೀಕ್ಷಕರಂಥ ಪರೀಕ್ಷಕರ ಕಣ್ಣಿಗೇ ಮಣ್ಣೆರಚಿದ್ದು ಕಲೆ ಅಂದರು. ಅಂಥವನು ಪೂರ್ತಿ ಮುಗಿಸಿದ ಪತ್ರ ಈ ಊರಿನಲ್ಲಿ ಇರುವುದು ಗುಳಿಗೆಯಪ್ಪನವರದು ಒಂದೇ. ಮೂವತ್ತು ಪೆಟ್ಟಿಗೆಗಳಿಗೆ ಜೀವ ಬಂತು. ಚಪ್ಪಾಳೆ ಬಿತ್ತು.

ಹಾಗಾದರೆ ನನ್ನದು ಅಂತ ಭೂತಗನ್ನಡಿಯವರು ತಮ್ಮ ಪತ್ರವನ್ನು ಮುಂದೆ ಹಿಡಿದರು. ಹೆಡ್ಮಾಸ್ಟರು ಅದನ್ನು ದೀಪದ ಕೆಳಗಿಟ್ಟು ನೋಡಿದರು. ಅಜ್ಜಿಯ ಸಹಿ ಖಾಲಿ ಜಾಗ ಬಿಟ್ಟು ಎಡಕ್ಕೆ ಹತ್ತಿ, ಹಾಸ್ಯನಟನ ಸಹಿಯ ಮೇಲೆ ಉದ್ದಕ್ಕೆ ಮಲಗಿತ್ತು. ಒಂದು ಕೈಯ ಹನ್ನೊಂದು ಸಹಿಯಲ್ಲಿ ಒಂದು ಹಾಳಾಯಿತು, ಮಧ್ಯೆ ಹೊರಗಿನವರ ಬರವಣಿಗೆ ಬೇರೆ ಸೇರಿದೆ, ಇಂಥ ಪತ್ರವನ್ನು ಕಪಾಟಿನಲ್ಲಿ ಇಡಲಾಗುವುದಿಲ್ಲ ಅಂತ ಅವರು ಬಹಳ ನೋವಿನಿಂದ ಹೇಳಿದರು.

"ಹೊರಗಿನವರು ಅಂದರೆ ಸ್ವತಃ ನಗೆಮಲ್ಲಿಗೆ" ಅಂದರು ಭೂತಗನ್ನಡಿಯವರು. "ತಾಯಿ, ನೀವೇ ಹೇಳಿ. ನಿಮ್ಮ ಕೈಯ ಸಹಿ ಜಗತ್ತಿನಲ್ಲಿ ಇದೊಂದೇ ಅಲ್ಲವಾ?"

"ಅದಕ್ಕೇನಪ್ಪ ಅಷ್ಟು ಬೇಜಾರು? ನನ್ನದೇ ತಾನೆ, ಬೇಕಾದಷ್ಟು ಹಾಕಿಕೊಡ್ತೀನಿ" ಅಂದರು ಅಜ್ಜಿ. ಯಜಮಾನರ ಕೈ ಕಂಡ ಸಂತೋಷದಲ್ಲಿ ಅವರಿಗೆ ಇಡೀ ಊರಿಗೇ ಏನಾದರೂ ಕೊಡಬೇಕು ಅನ್ನಿಸಿತ್ತು. ಕುರ್ಚಿ ಎಳೆದು ಕೂತರು. ಒಂದೇ ನಿಮಿಷದಲ್ಲಿ ಬಾಗಿಲವರೆಗೆ ಸಾಲು ಬೆಳೆಯಿತು. ಸಂಘದವರು, ಪತ್ರಿಕೆ ಓದಲು ಬಂದವರು, ಗ್ರಂಥಾಲಯದ ಕಸ ಗುಡಿಸುವವರು, ಹೊರಗೆ ನಿಂತಿದ್ದ ಟ್ಯಾಕ್ಸಿಯವನು, ಎಲ್ಲರಿಗೂ ಒಂದೊಂದು. ಟ್ಯಾಕ್ಸಿಯವನು ತನ್ನ ಅತ್ತಿಗೆಗೆ ಅಂತ ಇನ್ನೊಂದು ಹಾಕಿಸಿಕೊಂಡ. ಅರ್ಧ ಗಂಟೆಯ ಹಿಂದೆ ಜಗತ್ತಿನಲ್ಲಿ ಒಂದೇ ಇದ್ದ ಸಹಿ ಈಗ ಕೋಣೆಯಲ್ಲೇ ಎಪ್ಪತ್ತರ ಮೇಲಾಗಿತ್ತು, ಎಲ್ಲವೂ ಭೂತಗನ್ನಡಿಯವರದಕ್ಕಿಂತ ನೆಟ್ಟಗೆ ಬಂದಿದ್ದವು.

ಅವರು ಮೂಲೆಯ ಬೆಂಚಿನ ಮೇಲೆ ಕೂತು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಅಂತ ಸುಣ್ಣದ ಕಾಲನ್ನು ನೋಡುತ್ತಿದ್ದರು. ಕಪಾಟಿನ ಗಾಜು ಸರಿದ ಸದ್ದಾಯಿತು. ಆಮೇಲೆ ಯಾರೋ ಬಂದು ಪಕ್ಕದಲ್ಲಿ ಕೂತರು. ಹೊಸ ಕೋಟಿನ ವಾಸನೆ.

ಗುಳಿಗೆಯಪ್ಪನವರು ನಿನ್ನೆ ರಾತ್ರಿಯ ಪ್ರಮಾಣಪತ್ರವನ್ನು ಜೇಬಿನಿಂದ ತೆಗೆದು, ಮಡಿಕೆ ಬಿಡಿಸಿ, ಬಹಳ ಮರ್ಯಾದೆಯಿಂದ ಅವರ ತೊಡೆಯ ಮೇಲಿಟ್ಟರು.

"ಇದು ವಾಪಸ್ ತಗೊಳ್ಳಿ. ಇದರಲ್ಲಿ ಹನ್ನೆರಡೂ ಅಸಲಿ ಅಂತ ಇದೆ, ಇನ್ನು ಇದನ್ನ ಇಟ್ಟುಕೊಂಡರೆ ನನ್ನ ಪತ್ರಕ್ಕೆ ಬೆಲೆ ಹೋಗುತ್ತೆ. ಹನ್ನೆರಡಕ್ಕೆ ಹನ್ನೆರಡೂ ನಕಲಿ ಅಂತ ಹೊಸದೊಂದು ಬರೆದುಕೊಡಿ ಸಾರ್. ನೀವು ಬರೆದರೆ ಊರಲ್ಲಿ ಎರಡು ಮಾತಿಲ್ಲ."

ಭೂತಗನ್ನಡಿಯವರು ಪೆನ್ನು ಕೇಳಿದರು.